ಅಂಗಳದ ಇಟ್ಟಿಗೆ

“ಗುರುಗಳೇ, ಮೂರು ಸಾವಿರ ವರ್ಷದ ಹಿಂದೆ ಕೊಟ್ಟ ಕಟ್ಟಳೆ ಇವತ್ತಿಗೂ ನಡೆಯಬೇಕೇ?” ಎಂದು ಶಿಷ್ಯ ನತಾನ್ ಕೇಳಿದ. “ಸಿನಾಯ್ ಬೆಟ್ಟದಲ್ಲಿ ದೇವರಿಂದ ಬಂದದ್ದು ಎಲ್ಲ ತಲೆಮಾರಿಗೂ ಬಂದದ್ದು ಎಂದು ನಮ್ಮ ಯೆಹೂದಿ ಹಿರಿಯರು ಹೇಳುತ್ತಾರೆ. ನನ್ನ ಗೆಳೆಯ ಬಹಾಯಿ ಧರ್ಮದವನು. ದೇವರು ಒಬ್ಬನೇ, ಆದರೆ ಕಾಲಕಾಲಕ್ಕೆ ಹೊಸ ದೂತನನ್ನು ಕಳಿಸುತ್ತಾನೆ, ತಿರುಳು ಉಳಿಯುತ್ತದೆ, ವಿಧಿಗಳು ಬದಲಾಗುತ್ತವೆ ಎಂದು ಅವನ ವಾದ. ಇದೇ ಮಾತಿಗೆ ಜಗಳವಾಗಿ ಮೂರು ವಾರದಿಂದ ಮಾತು ಬಿಟ್ಟಿದ್ದೇವೆ.”

ಗುರುಗಳ ಮುಖ ಕೆಂಪಾಯಿತು. “ಮೂರು ವಾರವೇ? ಕೂತುಕೋ. ನಡುವೆ ಬಾಯಿ ಹಾಕಬೇಡ” ಎಂದು ಗದರಿಸಿ ಕತೆ ಶುರುಮಾಡಿದರು.

ಇರಾನಿನ ಒಂದು ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಅಣ್ಣ ಹುಟ್ಟಿದ ಯೆಹೂದಿ ಧರ್ಮದಲ್ಲೇ ಉಳಿದ. ತಮ್ಮ ಬಹಾಯಿ ಆದ. ಆದರೂ ಮನೆ ಒಡೆಯಲಿಲ್ಲ. ಒಂದೇ ಒಲೆ, ಒಬ್ಬಳೇ ತಾಯಿ. ಅವಳಿಗೆ ಕಣ್ಣು ಮಂಜಾಗಿತ್ತು. ಹಾಗಿದ್ದರೂ ಬೇಸಿಗೆ ಬಂತೆಂದರೆ ದಿನಾ ಮಾಳಿಗೆ ಹತ್ತಿ ಹಿಪ್ಪುನೇರಳೆ ಹಣ್ಣು ಒಣಹಾಕುತ್ತಿದ್ದಳು. ಆ ಹಣ್ಣೆಂದರೆ ಇಬ್ಬರು ಮಕ್ಕಳಿಗೂ ಪ್ರಾಣ.

ಒಂದು ವರ್ಷ ಹಿಮ ಕರಗುವಾಗ ಮಾಳಿಗೆಯ ಸುತ್ತ ಇದ್ದ ಮೋಟುಗೋಡೆ ಕುಸಿಯಿತು. ಮಾಳಿಗೆಗೆ ಗೋಡೆ ಇರಬೇಕು, ಇಲ್ಲದೆ ಯಾರಾದರೂ ಬಿದ್ದರೆ ಆ ರಕ್ತ ಮನೆಯವನ ತಲೆಗೆ ಎಂಬುದು ನಮ್ಮ ಹಳೆಯ ಕಟ್ಟಳೆ. ಅಣ್ಣ ಅದನ್ನು ನೆನಪಿಸಿದ. ಗೋಡೆ ಬೇಕೇ ಬೇಕು ಎಂದು ತಮ್ಮನೂ ಅಂದ. ಇಟ್ಟಿಗೆ ತರಿಸಿ ಅಂಗಳದಲ್ಲಿ ಒಟ್ಟಿದರು. ಕೇಳಿಸಿತೇನು? ಗೋಡೆ ಬೇಡ ಎಂದವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಕೆಲಸಕ್ಕೆ ಕೈ ಹಚ್ಚುವ ದಿನ ಅಣ್ಣ, “ಈ ಗೋಡೆ ಕಟ್ಟಲು ನಮಗೆ ಆಜ್ಞೆ ಕೊಟ್ಟ ದೇವರಿಗೆ ಸ್ತೋತ್ರ ಹೇಳಿಯೇ ಮೊದಲ ಇಟ್ಟಿಗೆ ಇಡಬೇಕು” ಎಂದ.

“ಅದೊಂದು ಬೇಡಣ್ಣ” ಎಂದ ತಮ್ಮ. “ಆ ಸ್ತೋತ್ರ ಕೇಳಿ ನಾನು ಇಟ್ಟಿಗೆ ಎತ್ತಿದರೆ ಹಳೆಯ ಆಜ್ಞೆ ಇನ್ನೂ ನನ್ನ ಮೇಲಿದೆ ಎಂದು ಒಪ್ಪಿದ ಹಾಗೆ. ಅಮ್ಮ ಬೀಳಬಾರದು, ಅದಕ್ಕೆ ಕಟ್ಟೋಣ.”

“ಆಜ್ಞೆ ಎಂದು ಒಪ್ಪದೆ ಕಟ್ಟಿದ್ದು ಬರೀ ಮಣ್ಣು. ಅದಕ್ಕೆ ನಾನು ಕೈ ಹಾಕುವುದಿಲ್ಲ.”

ಅಷ್ಟೇ. ಒಬ್ಬ ಜಗಲಿಯ ಈ ತುದಿಗೆ ಕೂತ, ಇನ್ನೊಬ್ಬ ಆ ತುದಿಗೆ. ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ. ಒಂದು ಜೀವ ಉಳಿಸಲು ಯಾವ ಕೆಲಸವನ್ನೂ ಮಾಡಬಾರದ ಸಬ್ಬತ್ ದಿನದ ನೇಮವನ್ನೇ ಮುರಿಯಬಹುದು ಎಂದು ಅಣ್ಣನ ಧರ್ಮ ಹೇಳುತ್ತದೆ. ಧರ್ಮದಿಂದ ಮನಸ್ಸು ಒಡೆಯುವುದಾದರೆ ಅಂಥ ಧರ್ಮ ಇಲ್ಲದಿರುವುದೇ ಲೇಸು ಎಂದು ತಮ್ಮನ ಧರ್ಮ ಹೇಳುತ್ತದೆ. ಎರಡೂ ಅವರಿಗೆ ಬಾಯಿಪಾಠ. ಆ ಮೂರ್ಖರಿಗೆ ಬೇಕಾದದ್ದು ಗೋಡೆಯಲ್ಲ, ತಾನು ಗೆಲ್ಲುವುದು.

ಹಣ್ಣು ಮಾಗಿ ಉದುರತೊಡಗಿತು. ತಾಯಿ ದಿನಾ ಇಟ್ಟಿಗೆ ರಾಶಿಯನ್ನು ಬಳಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. “ಯಾವ ದೇವರ ಹೆಸರಲ್ಲಾದರೂ ಸರಿ, ನಾಲ್ಕು ಸಾಲು ಇಡ್ರಪ್ಪ. ನನಗೆ ಅಂಚು ಕಾಣೋದಿಲ್ಲ” ಎಂದಳು.

“ಇತ್ಯರ್ಥ ಆಗಲಿ ಅಮ್ಮ, ಅಲ್ಲಿತನಕ ಹತ್ತಬೇಡ” ಎಂದರು ಮಕ್ಕಳು. ಹಣ್ಣು ಇವರ ಇತ್ಯರ್ಥಕ್ಕೆ ಕಾಯುತ್ತದೆಯೇ?

ಕೊನೆಗೆ ಇಬ್ಬರೂ ಊರಿನ ಯೆಹೂದಿ ಪಂಡಿತನ ಬಳಿ ಹೋದರು. ಚಿಕ್ಕಂದಿನಲ್ಲಿ ಅವನೇ ಇಬ್ಬರಿಗೂ ಅಕ್ಷರ ಕಲಿಸಿದವನು. ಅವನು ಹೇಳಿದರೆ ಕೇಳುತ್ತೇನೆ ಎಂದು ತಮ್ಮನೂ ಮಾತು ಕೊಟ್ಟಿದ್ದ. ಆ ಮಹಾನುಭಾವ ಮಾಡಿದ್ದೇನು ಗೊತ್ತೇ? ಎದ್ದು ಹೋಗಿ ಮಾಳಿಗೆ ನೋಡಲಿಲ್ಲ. ಮೇಲೆ ಯಾರು ಓಡಾಡುತ್ತಾರೆ ಎಂದು ಕೇಳಲಿಲ್ಲ. ಇಷ್ಟು ಸೊಗಸಾದ ಪ್ರಶ್ನೆ ಸಿಕ್ಕಿತಲ್ಲ ಎಂದು ಅವನಿಗೆ ಒಳಗೊಳಗೇ ಖುಷಿ. “ಆಳವಾದ ವಿಷಯ. ಗ್ರಂಥಗಳನ್ನು ನೋಡಬೇಕು. ಒಂದು ವಾರ ಬಿಟ್ಟು ಬನ್ನಿ” ಎಂದು ಕಳಿಸಿದ.

ಐದನೆಯ ದಿನ ತಾಯಿ ಅಂಚು ತಪ್ಪಿ ಬಿದ್ದಳು. ಬಿದ್ದದ್ದು ಅಂಗಳದ ಇಟ್ಟಿಗೆಯ ಮೇಲೆ. ಮಕ್ಕಳು ಬಂದು ಎತ್ತುವಷ್ಟರಲ್ಲಿ ಜೀವ ಇರಲಿಲ್ಲ. ಅವಳ ಸೆರಗಿನಲ್ಲಿ ಒಣಗಿದ ಹಣ್ಣು ಇತ್ತು.

ಶೋಕದ ಏಳು ದಿನ ಮುಗಿದ ಮರುಬೆಳಿಗ್ಗೆ ಅಣ್ಣತಮ್ಮಂದಿರು ಮಾಳಿಗೆ ಹತ್ತಿದರು. ಮೊದಲ ಇಟ್ಟಿಗೆ ಕೈಗೆ ತೆಗೆದುಕೊಂಡಾಗ, “ಸ್ತೋತ್ರ ಹೇಳಣ್ಣ” ಎಂದು ತಮ್ಮನೇ ಬೇಡಿಕೊಂಡ. ಅಣ್ಣ ಸ್ತೋತ್ರ ಹೇಳದೆಯೇ ಇಟ್ಟಿಗೆ ಇಟ್ಟ. ಮಧ್ಯಾಹ್ನದ ಹೊತ್ತಿಗೆ ಗೋಡೆ ಎದ್ದು ನಿಂತಿತ್ತು. ಅರ್ಧ ದಿನದ ಕೆಲಸ, ನತಾನ್. ಬರೀ ಅರ್ಧ ದಿನದ ಕೆಲಸ.

ಗುರುಗಳು ಮಾತು ನಿಲ್ಲಿಸಿದರು. ನತಾನ್ ಮೆಲ್ಲಗೆ ಕೇಳಿದ, “ಕಡೆಗೆ ಆ ಪಂಡಿತ ಏನು ತೀರ್ಪು ಕೊಟ್ಟ, ಗುರುಗಳೇ?”

“ಅವನು ಇನ್ನೂ ಕೊಟ್ಟಿಲ್ಲ, ಅವನನ್ನೇ ನೀನೀಗ ಕೇಳುತ್ತಿದ್ದೀಯ.”