ನಂದಾದೀಪದ ಪಾತರಗಿತ್ತಿ

ಹೊಳೆದಂಡೆಯ ಮಠದಲ್ಲಿ ಅಡವೀಶ ಪೂಜೆಗೆ ಬಿಲ್ವದ ಪತ್ರಿ ಹರಿಯತೊಡಗಿ ಹನ್ನೊಂದು ವರ್ಷವಾಗಿತ್ತು. ಪಕ್ಕದೂರಿನ ಹಿರಿಯರು ತಮ್ಮ ಮಠಕ್ಕೊಬ್ಬ ಸ್ವಾಮಿಯನ್ನು ಕೊಡಿರೆಂದು ಎರಡು ಸಲ ಬಂದು ಹೋಗಿದ್ದರು. ಗುರು ಮರುಳಯ್ಯಜ್ಜ ಮಾತ್ರ ಶಿಷ್ಯನನ್ನು ಕಳಿಸುವ ಮಾತನ್ನೇ ಎತ್ತಲೊಲ್ಲರು.

ಕಾರ್ತಿಕದ ಒಂದು ಮುಂಜಾನೆ ಅಡವೀಶನಿಗೆ ತಡೆಯದಾಯಿತು. ಪತ್ರಿಯ ಬುಟ್ಟಿಯನ್ನು ಕುಕ್ಕಿ ಇಟ್ಟ.

“ಅಜ್ಜಾರ, ಆ ಊರಾಗ ಮಂದಿ ಮಲಗ್ಯಾರ. ನಾ ಹೋಗಿ ಎಬ್ಬಿಸಬೇಕು. ಯಾವಾಗ ಕಳಸ್ತೀರಿ?”

ಅಜ್ಜ ಬುಟ್ಟಿಯೊಳಗಿನ ಹಸಿರು ಹುಳವೊಂದನ್ನು ಎಲೆಸಮೇತ ಎತ್ತಿದರು.

“ಹಗಲು ಸಣ್ಣದಾಗೈತಿ, ಎಲಿ ಬಲಿತಾವು. ಇದು ಇನ್ನ ಗೂಡು ಕಟ್ಟಿ ಮಲಗತೈತಿ. ಚಿಗುರು ಬಂದಾಗ ಏಳತೈತಿ. ಗಿಡದ ಮ್ಯಾಲ ಬಿಟ್ಟು ಬಾ.”

“ನಾ ಕೇಳಿದ್ದೇನು, ನೀವು ಹೇಳೂದೇನು!”

“ಬಿಟ್ಟು ಬಾ ಅಂದೆ.”

ಅಡವೀಶನ ಮೈಯೆಲ್ಲ ಉರಿದುಹೋಯಿತು. ಬಿಡುವುದಿರಲಿ, ಗಿಡದಿಂದ ಇನ್ನೊಂದು ಹುಳವನ್ನೂ ಹಿಡಿದು ತಂದ. ಎರಡನ್ನೂ ಗುಡಿಯ ನಂದಾದೀಪದ ಪಕ್ಕದಲ್ಲಿಟ್ಟ. ಅಲ್ಲಿ ರಾತ್ರಿಯೂ ಕತ್ತಲೆಂಬುದೇ ಇರಲಿಲ್ಲ. ಬಚ್ಚಲ ನೀರಿಗೆ ಬೆಳೆದ ಪತ್ರಿಸಸಿಯೊಂದರಲ್ಲಿ ಮಾತ್ರ ಇನ್ನೂ ಎಳೆ ಎಲೆಗಳಿದ್ದವು. ಅವನ್ನೇ ಹರಿದು ಹರಿದು ಹಾಕಿದ. ಸಸಿ ಬೋಳಾಯಿತು.

ಹುಳಗಳು ಗೂಡು ಕಟ್ಟಿದವು, ಆದರೆ ಮಲಗಲಿಲ್ಲ. ಹದಿನೈದು ದಿನದೊಳಗೆ ಎರಡು ಪಾತರಗಿತ್ತಿ ಹೊರಬಂದು ರೆಕ್ಕೆ ಆರಿಸಿಕೊಳ್ಳುತ್ತ ಕೂತವು.

“ಅಜ್ಜಾರ, ಬಂದು ನೋಡ್ರಿ! ಚಿಗುರು ಬರಲಿ ಅಂದಿದ್ರಲ್ಲ? ಎಬ್ಬಿಸೀನಿ!”

ಅಜ್ಜ ನೋಡಿದರು. “ಹೌದಪಾ, ಎಬ್ಬಿಸೀದಿ,” ಅಂದು ಹೊರಟೇಹೋದರು. ಬೈದಿದ್ದರೂ ಅಡವೀಶನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಪಾತರಗಿತ್ತಿಗಳು ಪತ್ರಿಗಿಡವನ್ನು ಸುತ್ತಿದವು. ಎಲೆಯಿಂದೆಲೆಗೆ ಕೂತು ಎದ್ದವು. ಮೊಟ್ಟೆಯಿಡಲು ಒಂದು ಚಿಗುರೂ ಇರಲಿಲ್ಲ, ಹೀರಲು ಒಂದು ಹೂವೂ ಇರಲಿಲ್ಲ. ಅಂಗಳದ ಹೂವನ್ನೆಲ್ಲ ಅಡವೀಶನೇ ದಿನವೂ ಬೆಳಗ್ಗೆ ಪೂಜೆಗೆ ಹರಿಯುತ್ತಿದ್ದ.

ಬೆಲ್ಲದ ನೀರು ಮಾಡಿ ಹಿಡಿದ. ಅವು ಹತ್ತಿರ ಸುಳಿಯಲಿಲ್ಲ. “ಕುಡಿಯವ್ವಾ, ಒಂದು ಹನಿಯಾದ್ರೂ ಕುಡಿ,” ಎಂದು ಬೇಡಿದ, ಬೈದ, ಬೋಳು ಸಸಿಯ ಮುಂದೆ ನಿಂತು ತನ್ನ ಕೈಗಳನ್ನೇ ಶಪಿಸಿದ.

ನಾಲ್ಕನೆಯ ದಿನ ಎರಡೂ ಗಿಡದ ಬುಡದಲ್ಲಿ ಸತ್ತು ಬಿದ್ದಿದ್ದವು.

ಅವನ್ನು ಅಂಗೈಯಲ್ಲಿಟ್ಟುಕೊಂಡು ಬಂದರೆ, ಪಕ್ಕದೂರಿನ ಹಿರಿಯರು ಮೂರನೆಯ ಸಲ ಬಂದು ಅಜ್ಜನ ಮುಂದೆ ಕೂತಿದ್ದರು.

ಅಜ್ಜ ಅವನ ಅಂಗೈ ನೋಡಿದರು.

“ಇವರ ಜೋಡಿ ಹೋಗು, ತಮ್ಮಾ. ಎಬ್ಬಿಸಾಕ ನಿನಗ ಬರತೈತಿ. ಎದ್ದವರಿಗೆ ಉಣ್ಣಾಕ ಏನು ಹಾಕ್ತಿ, ಅದೊಂದು ಹೇಳಿ ಹೋಗು.”