ಮರದಡಿಯ ಮಣ್ಣು ಕಪ್ಪಾದದ್ದು

ಭೂಮಿ ಹೊಸತಾಗಿದ್ದಾಗ ಮರದಡಿಯ ಮಣ್ಣು ಬೂದಿಯ ಹಾಗೆ ಬೆಳ್ಳಗಿತ್ತು ಮಗು. ಗಾಳಿ, ಹಳ್ಳ, ತರಗೆಲೆ ಎಲ್ಲಕ್ಕೂ ಆಗ ಮಾತು ಬರುತ್ತಿತ್ತು.

ಒಂದು ಹಳ್ಳದ ದಡದಲ್ಲಿ ದುಗ್ಗಿ ಎಂಬ ಹೆಂಗಸು ತನ್ನ ಪುಟ್ಟ ಮಗಳು ಕೆಂಪಿಯೊಂದಿಗೆ ಇದ್ದಳು. ಒಂದು ಬಿರುಬೇಸಿಗೆಯಲ್ಲಿ ನೆಲ ನಡುಗಿ ಮೇಲಿನ ಗುಡ್ಡ ಸೀಳಿತು. ಅದರೊಳಗಿನ ತಾಮ್ರ ಕರಗಿ ಹಳ್ಳಕ್ಕಿಳಿಯಿತು. ಮೀನುಗಳು ಸತ್ತು ತೇಲಿದವು. ಆ ನೀರು ಕುಡಿದ ಕೆಂಪಿ ವಾಂತಿ ಮಾಡಿ ಮಾಡಿ ಕಣ್ಣು ತೆರೆಯಲಾರದಷ್ಟು ಸೋತಳು. ಹತ್ತಿರದಲ್ಲಿ ಬೇರೆ ನೀರಿರಲಿಲ್ಲ.

"ಸ್ವಲ್ಪ ನಿಲ್ಲು," ಎಂದು ದುಗ್ಗಿ ಹಳ್ಳವನ್ನು ಕೇಳಿದಳು.

"ನನಗೆ ಹರಿಯೋದೊಂದೇ ಗೊತ್ತು," ಎಂದಿತು ಹಳ್ಳ. "ಆ ತರಗಜ್ಜಿಯನ್ನು ಕೇಳು."

ತರಗಜ್ಜಿ ಎಂದರೆ ಮರದಡಿ ಕೊಳೆಯುತ್ತಿದ್ದ ಹಳದಿ ಎಲೆಗಳ ರಾಶಿ. ಅದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ದುಗ್ಗಿ ಅಲ್ಲಿಗೆ ಹೋಗಿ, ನೀರಿನ ತಾಮ್ರವನ್ನು ತಡೆಯುತ್ತೀಯಾ ಎಂದು ಕೇಳಿದಳು.

"ನನ್ನೊಳಗೆ ಕಿಡಿಗಳಿವೆ ಮಗಳೇ," ಎಂದಳು ತರಗಜ್ಜಿ. "ಎಲೆ ಕೊಳೆಯುವಾಗ ಅವು ತಮ್ಮ ಜೊತೆಗಾರರನ್ನು ಕಳೆದುಕೊಂಡವು. ಜೊತೆಗಾಗಿ ಸಿಕ್ಕಿದ್ದನ್ನೆಲ್ಲ ಹಿಡಿದು ಎಳೆಯುತ್ತವೆ. ತಾಮ್ರ ಬಂದರೆ ಅವು ಸುಮ್ಮನಾಗುತ್ತವೋ, ನಾನೇ ಉರಿದುಹೋಗುತ್ತೇನೋ, ಗೊತ್ತಿಲ್ಲ."

ದುಗ್ಗಿ ತಲೆ ತಗ್ಗಿಸಿದಳು. ಉರಿದುಹೋಗು ಎಂದು ಹೇಗೆ ಹೇಳುವುದು?

"ಮಗು ಉಸಿರಾಡ್ತಿದೆಯಾ?" ಅಜ್ಜಿ ಕೇಳಿದಳು.

"ಆಡ್ತಿದೆ. ಮೆಲ್ಲಗೆ."

"ಹಾಗಾದರೆ ತಡ ಮಾಡಬೇಡ. ಎತ್ತಿ ಹಳ್ಳಕ್ಕೆ ಹಾಕು ನನ್ನ."

ದುಗ್ಗಿ ಬಾಚಿ ಬಾಚಿ ಹಾಕಿದಳು. ಕೈ ಚುರುಗುಟ್ಟಿತು, ಬೊಬ್ಬೆ ಎದ್ದವು. ಗಾಳಿಯೂ ತಳ್ಳಿಕೊಟ್ಟಿತು. ಹಳ್ಳಕ್ಕೆ ಅಡ್ಡಲಾಗಿ ತರಗಿನ ಒಡ್ಡು ನಿಂತಿತು.

ತಾಮ್ರದ ನೀರು ನುಗ್ಗಿತು. ಒಡ್ಡು ನಡುಗಿತು, ಹೊಗೆಯಾಡಿತು. ಹಳದಿ ಹೋಗಿ ಕಂದಾಯಿತು. ಕಂದು ಹೋಗಿ ಕಪ್ಪಾಯಿತು.

"ಅಜ್ಜಿ?"

ದುಗ್ಗಿ ಬಗ್ಗಿ ಒಡ್ಡಿಗೆ ಕಿವಿಗೊಟ್ಟಳು.

"ಅಜ್ಜಿ, ಇದ್ದೀಯಾ?"

"ಹಿಡಿದಿದ್ದೀನಿ," ಎಂದು ಕೆಳಗಿನಿಂದ ದನಿ ಬಂತು. "ತಾಮ್ರದ ಒಂದು ಕಣವನ್ನೂ ಬಿಟ್ಟಿಲ್ಲ."

ಒಡ್ಡಿನಾಚೆ ಕಷಾಯದ ಬಣ್ಣದ ನೀರು ಜಿನುಗುತ್ತಿತ್ತು. ದುಗ್ಗಿ ಮೊದಲು ತಾನು ಕುಡಿದಳು. ಬಿಸಿಲು ಒಂದು ಬಂಡೆಯಿಂದ ಇನ್ನೊಂದಕ್ಕೆ ಸರಿಯುವವರೆಗೆ ಕಾದು ಕೂತಳು. ಏನೂ ಆಗಲಿಲ್ಲ. ಆಮೇಲೆ ಕೆಂಪಿಯ ತುಟಿಗೆ ಹನಿ ಹನಿಯಾಗಿ ಬಿಟ್ಟಳು. ಒಂದು ಗುಟುಕು ಒಳಗೆ ಹೋಯಿತು. ಹೊರಗೆ ಬರಲಿಲ್ಲ. ಇನ್ನೊಂದು ಹೋಯಿತು. ಸಂಜೆಗೆ ಕೆಂಪಿ ಕಣ್ಣು ತೆರೆದು, "ಅವ್ವಾ, ಹಸಿವು," ಎಂದಳು.

ದುಗ್ಗಿ ಒಡ್ಡಿನ ಬಳಿ ಹೋಗಿ ಕೂತಳು. "ಸಾಕು ಅಜ್ಜಿ, ಇನ್ನು ಬಿಟ್ಟುಬಿಡು. ನಿನ್ನ ಬಣ್ಣ ವಾಪಸ್ಸು ಬರಲಿ."

"ಬಿಟ್ಟರೆ ಅದು ನಿನ್ನ ಮಗಳ ನೀರಿಗೇ ಬರುತ್ತೆ," ಎಂದಳು ತರಗಜ್ಜಿ. "ಕಿಡಿಗಳೂ ಈಗ ತಣ್ಣಗಿವೆ. ನೀನು ಹೋಗಿ ಅಡುಗೆ ಮಾಡು."

ಎಲ್ಲ ಮರಗಳ ತರಗೂ ಅಂದಿನಿಂದ ಅವಳ ದಾರಿ ಹಿಡಿದು, ಕಪ್ಪಾಗಿ ಮಣ್ಣಿಗೆ ಸೇರತೊಡಗಿತು. ಅದಕ್ಕೇ ಮಗು, ಮರದಡಿ ಎಲೆ ಸರಿಸಿ ಕೆದಕಿದರೆ ಇವತ್ತಿಗೂ ನಿನ್ನ ಬೆರಳಿಗೆ ಕಪ್ಪು ಮಣ್ಣು ಅಂಟುತ್ತದೆ, ಕಾಡಿನ ಹಳ್ಳದ ನೀರು ಕಷಾಯದ ಬಣ್ಣದಲ್ಲಿ ಹರಿಯುತ್ತದೆ.