ಖಾಲಿ ಟ್ಯೂಬು

"ಬುದ್ಧಿ, ಪೂಜೆಗೆ ಕೂತು ಕಣ್ಣು ಮುಚ್ಚಿದರೆ ಒಳಗೊಂದು ದನಿ 'ಎದ್ದು ಬಾ' ಎನ್ನುತ್ತದೆ. ಅದು ದೇವರ ಕರೆಯೋ, ನನ್ನ ಮನಸ್ಸಿನ ಆಟವೋ? ತಿಳಿಯುವುದು ಹೇಗೆ?" ಎಂದು ಮರಿದೇವ ಕೇಳಿದ.

ಮರಿದೇವ ಮಠಕ್ಕೆ ಬಂದು ಏಳು ತಿಂಗಳಾಗಿತ್ತು. ಅಂದು ಬಟ್ಟೆಯ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟೇ ಗುರುಗಳ ಬಳಿ ಬಂದಿದ್ದ. ದೇವರ ಕರೆಯಾದರೆ ಅಂದೇ ಹೊರಡುವವನು; ಮನಸ್ಸಿನ ಆಟವಾದರೆ ಉಳಿದು ದೀಕ್ಷೆ ಪಡೆಯುವವನು.

ಗುರುಗಳು ನಕ್ಕರು. "ಗಂಟು ಕಟ್ಟಿದ ಮೇಲೆ ಸಲಹೆ ಕೇಳಲು ಬಂದಿದ್ದೀಯ. ಇರಲಿ, ಕೂತುಕೋ. ಒಂದು ಕತೆ ಹೇಳುತ್ತೇನೆ. ಎಲ್ಲಿ ನಡೆದದ್ದು, ಯಾರು ಹೇಳಿದ್ದು ಎಂದು ಮಾತ್ರ ಕೇಳಬೇಡ."

ಒಬ್ಬ ಸಂಶೋಧಕಿ ಇದ್ದಳು. ಸಮುದ್ರದ ತಳದಲ್ಲಿ ಬಂಡೆಗೆ ಅಂಟಿಕೊಂಡು ಬದುಕುವ ಸ್ಪಂಜೆಂಬ ಪ್ರಾಣಿಯನ್ನು ಅಭ್ಯಸಿಸುವುದು ಅವಳ ಕೆಲಸ. ಸ್ಪಂಜಿಗೆ ಕಣ್ಣಿಲ್ಲ, ಹೃದಯವಿಲ್ಲ. ನೀರನ್ನು ಒಳಗೆಳೆದುಕೊಂಡು ಹೊರಗೆ ಬಿಡುತ್ತಾ ಇರುತ್ತದೆ, ಅಷ್ಟೇ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಜೀವಾಣುಗಳು ಕೋಟಿಗಟ್ಟಲೆ ವಾಸಮಾಡುತ್ತವೆ. ಕೆಲವು ಸ್ಪಂಜುಗಳಲ್ಲಂತೂ ಮನೆಯವರಿಗಿಂತ ನೆಂಟರೇ ಹೆಚ್ಚು. ಪ್ರತಿ ಜೀವಿಯೂ ತನ್ನನ್ನು ಕಟ್ಟುವ ಬರಹವನ್ನು ತನ್ನೊಳಗೇ ಹೊತ್ತಿರುತ್ತದೆ; ಅದನ್ನು ಜೀನೋಮ್ ಎನ್ನುತ್ತಾರೆ. ಅವಳು ಸ್ಪಂಜಿನ ತುಣುಕನ್ನು ಅರೆದು, ಟ್ಯೂಬಿಗೆ ಹಾಕಿ, ಒಳಗಿದ್ದ ಎಲ್ಲರ ಬರಹವನ್ನೂ ಯಂತ್ರದಲ್ಲಿ ಓದಿಸಿ, ಯಾವುದು ಯಾರದೆಂದು ಬೇರ್ಪಡಿಸುತ್ತಿದ್ದಳು. ಒಂಬತ್ತು ವರ್ಷ ಇದನ್ನೇ ಮಾಡಿದ ಮೇಲೆ, ಯಾರೂ ಕಂಡಿರದ ಒಂದು ಜೀವಾಣು ಸಿಕ್ಕಿತು.

ಆ ಕೆಲಸದವರಲ್ಲಿ ಒಂದು ಪದ್ಧತಿಯಿದೆ. ಸ್ಪಂಜಿನ ಟ್ಯೂಬುಗಳ ಜೊತೆಗೆ ಒಂದು ಖಾಲಿ ಟ್ಯೂಬನ್ನೂ ಇಡುತ್ತಾರೆ. ಅದಕ್ಕೂ ಅದೇ ನೀರು, ಅದೇ ರಾಸಾಯನಿಕ, ಅದೇ ಯಂತ್ರ. ಅದರಲ್ಲಿ ಏನೂ ಕಾಣಬಾರದು. ಕಂಡರೆ ಅದು ಕೈಯಿಂದಲೋ ಗಾಳಿಯಿಂದಲೋ ಬಂದ ಕೊಳೆ. ಅದನ್ನು ಸ್ಪಂಜಿನ ಪಟ್ಟಿಯಿಂದಲೂ ಅಳಿಸಬೇಕು.

ಹೊಸ ಜೀವಾಣು ಖಾಲಿ ಟ್ಯೂಬಿನಲ್ಲೂ ಕಂಡಿತು.

ಅವಳು ನೀರು ಬದಲಾಯಿಸಿದಳು. ಕೈಗವಸಿನ ಮೇಲೆ ಕೈಗವಸು ಹಾಕಿಕೊಂಡಳು. ಮತ್ತೆ ಕಂಡಿತು. ಒಂಬತ್ತು ವರ್ಷದ ದುಡಿಮೆ ಮಣ್ಣುಪಾಲಾಗುತ್ತದೆ ಎಂದು ಅವಳಿಗೆ ಊಟ ಸೇರದಾಯಿತು.

ದೂರದ ಊರಿನಲ್ಲಿ ಅವಳ ಗೆಳತಿಯೊಬ್ಬಳು ಇಂಥದೇ ಪ್ರಯೋಗಶಾಲೆ ನಡೆಸುತ್ತಿದ್ದಳು. ಆ ಗೆಳತಿಯ ಖಾಲಿ ಟ್ಯೂಬಿನಲ್ಲಿ ಏನೂ ಕಂಡಿರಲಿಲ್ಲ. ಸಂಶೋಧಕಿ ಬರಿಗೈಯಲ್ಲಿ ಅಲ್ಲಿಗೆ ಹೋಗಿ, ಏನನ್ನೂ ಮುಟ್ಟದೆ ಒಂದು ಮಧ್ಯಾಹ್ನ ಮೂಲೆಯಲ್ಲಿ ಕೂತಳು. ಅಂದಿನ ಖಾಲಿ ಟ್ಯೂಬಿನಲ್ಲಿ ಅದು ಕಂಡಿತು.

ಆಗ ಅವಳು ತನ್ನ ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರೆಸಿ ಓದಿಸಿದಳು. ಅಲ್ಲೂ ಇತ್ತು. ವರ್ಷಗಟ್ಟಲೆ ಸಮುದ್ರದಲ್ಲಿ ಮುಳುಗಿ ಎದ್ದವಳು ನಾನು, ಸ್ಪಂಜಿನಿಂದ ನನಗೆ ಬಂದಿರಬೇಕು ಎಂದು ಸಮಾಧಾನ ಮಾಡಿಕೊಂಡಳು. ಹಾಗೆಂದು ತೋರಿಸಿದರೆ ಅದನ್ನು ಅಳಿಸಬೇಕಾಗಿಲ್ಲ. ತೋರಿಸುವ ದಾರಿಯೂ ಇತ್ತು. ಅವಳು ಓದಿದ ಕಾಲೇಜಿನಲ್ಲಿ ಪಾಠಕ್ಕೆಂದು ಎಲ್ಲ ವಿದ್ಯಾರ್ಥಿಗಳ ಕೆನ್ನೆ ಒರೆಸಿದ ಹತ್ತಿಯನ್ನು ಮೊಹರು ಮಾಡಿ ಫ್ರೀಜರಿನಲ್ಲಿ ಇಟ್ಟಿದ್ದರು. ಆಗ ಅವಳು ಬಯಲುಸೀಮೆಯ ಹುಡುಗಿ, ಸಮುದ್ರವನ್ನೇ ಕಂಡಿರಲಿಲ್ಲ. ಆ ಹತ್ತಿಯನ್ನು ಗೆಳತಿಗೆ ಕಳಿಸಿಕೊಡಲು ಕಾಲೇಜಿಗೆ ಬರೆದು, ತಾನು ಅತ್ತ ಸುಳಿಯದೆ ಉಳಿದಳು.

ಸಹಪಾಠಿಗಳ ಹತ್ತಿಯಲ್ಲಿ ಅದು ಇರಲಿಲ್ಲ. ಅವಳದರಲ್ಲಿ ಇತ್ತು.

ಹಾಗಾದರೆ ಅದು ಸ್ಪಂಜಿನದೇ ಅಲ್ಲವೇನೋ. ಅವಳು ಹುಟ್ಟುವ ಮೊದಲೇ ಸಮುದ್ರದಿಂದ ತಂದ ಅದೇ ಜಾತಿಯ ಸ್ಪಂಜೊಂದು ಒಂದು ಸಂಗ್ರಹಾಲಯದಲ್ಲಿತ್ತು. ಗೆಳತಿ ಅದನ್ನೂ ತರಿಸಿ ಓದಿದಳು. ಅದರಲ್ಲೂ ಇತ್ತು.

ಆಮೇಲೆ ಸಂಶೋಧಕಿಗೆ ನಿಜವಾದ ಭಯ ಹತ್ತಿತು. ಮಾಡಲು ನೂರು ಕೆಲಸಗಳಿದ್ದವು, ಸಮುದ್ರ ಕಾಣದ ಹುಡುಗಿ ಸಮುದ್ರಕ್ಕೇ ಹೋದಳು. ನೀರಿನಡಿ ಎಷ್ಟೋ ಬಗೆಯ ಸ್ಪಂಜುಗಳಿದ್ದವು, ಇದಕ್ಕೇ ಕೈ ಚಾಚಿದಳು. ತಾನೇ ಆರಿಸಿಕೊಂಡೆ ಎಂದು ಇಷ್ಟು ವರ್ಷ ನಂಬಿದ್ದಳು. ಆರಿಸಿದ್ದು ತಾನೋ, ಮೊದಲೇ ಒಳಗಿದ್ದ ಅದೋ?

ಅವಳು ಎಲ್ಲವನ್ನೂ ತನ್ನ ಹಿರಿಯ ವಿಜ್ಞಾನಿಯ ಮುಂದಿಟ್ಟಳು.

"ನೋಡಮ್ಮ, ಖಾಲಿ ಟ್ಯೂಬಿನಲ್ಲಿ ಕಂಡದ್ದನ್ನು ಅಳಿಸಬೇಕು. ಅದು ನಿಯಮ," ಎಂದರು ಅವರು.

"ಅಳಿಸುತ್ತೇನೆ ಸರ್. ಯಾವುದರಿಂದ? ಸ್ಪಂಜಿನಿಂದಲೋ, ನನ್ನಿಂದಲೋ?"

ಅವಳು ಹೋದ ಮೇಲೆ ಅವರು ಎದ್ದು ಹೋಗಿ ಬಹಳ ಹೊತ್ತು ಕೈ ತೊಳೆದರು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಮರಿದೇವ ಬಾಗಿಲ ಬಳಿಯ ಗಂಟಿನತ್ತ ನೋಡಿದ.

"ಬುದ್ಧಿ, ಈಗ ನಾನು ಹೊರಡಲೋ, ಇರಲೋ?"

ಗುರುಗಳು ಹೇಳಿದರು: "ನಿನಗೆ ಹೇಗೆ ತೋರುತ್ತದೋ ಹಾಗೆ ಮಾಡು, ನೀನು ಮಠಕ್ಕೆ ಬಂದ ದಿನದಿಂದ ಆ ದನಿ ನನಗೂ ಕೇಳಿಸುತ್ತಿದೆ."